ಅಬ್ಬಲಿಗೆ ಇಡೋದಾ, ಗೋರಂಟೆ ಇಡೋದಾ?

ಮುಂಬೈಯಲ್ಲಿ ನಮ್ಮೂರು ಕುಂದಾಪುರ ಕಡೆಯ ಹೆಂಗಸರು ಇಬ್ಬರು ಸೇರಿದರೆ ಹತ್ತು ನಿಮಿಷದೊಳಗೆ ಗಿಡದ ಮಾತು ಬಂದೇ ಬರುತ್ತದೆ. ಅದರಲ್ಲೂ ಮುಡಿಯುವ ಹೂವಿನ ಗಿಡ. ಮಲ್ಲಿಗೆ ಹೇಗೂ ಎಲ್ಲರ ಮನೆಯಲ್ಲಿ ಇರುತ್ತದೆ. ಉಳಿದ ಒಂದೂವರೆ ಅಡಿ ಜಾಗದಲ್ಲಿ ಅಬ್ಬಲಿಗೆ (ಕನಕಾಂಬರ) ಇಡೋದಾ, ಗೋರಂಟೆ (ಸ್ಫಟಿಕದ ಹೂ) ಇಡೋದಾ ಅನ್ನೋದೇ ಪ್ರಶ್ನೆ.

ನಾನು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಮೂರನೇ ಮಹಡಿಯ ಕಿಟಕಿ ಗ್ರಿಲ್‌ನೊಳಗೆ ಎರಡನ್ನೂ ಬೆಳೆಸಿದ್ದೇನೆ. ಎರಡನ್ನೂ ಕಳೆದುಕೊಂಡು ಅತ್ತದ್ದೂ ಇದೆ. ನನ್ನ ನಾದಿನಿಗೆ ಪುಣೆಯಲ್ಲಿ ಸಣ್ಣ ಅಂಗಳ ಇದೆ, ಗೆಳತಿಯೊಬ್ಬಳು ಗೋವಾದ ಮಡಗಾಂವ್‌ನಲ್ಲಿ ಇದ್ದಾಳೆ. ಮೂರೂ ಕಡೆ ಈ ಎರಡು ಗಿಡಗಳನ್ನು ನೋಡಿದ ಮೇಲೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಹೂವಿನ ಬಣ್ಣ ನೋಡಿ ಗಿಡ ಆರಿಸಬೇಡಿ. ಮಳೆಗಾಲದಲ್ಲಿ ನಿಮ್ಮ ಕುಂಡದ ನೀರು ಎಷ್ಟು ಬೇಗ ಇಳಿಯುತ್ತದೆ, ಡಿಸೆಂಬರ್ ಜನವರಿಯಲ್ಲಿ ನಿಮ್ಮಲ್ಲಿ ಎಷ್ಟು ಚಳಿ ಬೀಳುತ್ತದೆ, ನಿಮಗೆ ಹೂ ದಿನಾ ಒಂದು ಹಿಡಿ ಬೇಕೋ ಇಲ್ಲಾ ವರ್ಷಕ್ಕೊಮ್ಮೆ ಗಿಡ ತುಂಬಾ ಬೇಕೋ, ಈ ಮೂರು ಪ್ರಶ್ನೆಗೆ ಉತ್ತರ ಸಿಕ್ಕರೆ ಯಾವ ಗಿಡ ಅನ್ನೋದು ತಾನಾಗಿ ತಿಳಿಯುತ್ತದೆ.

ಮೊದಲು ಹೆಸರು ಸರಿ ಮಾಡಿಕೊಳ್ಳಿ

ಕುಂದಾಪುರ, ಉಡುಪಿ ಕಡೆ ನಾವು ಅಬ್ಬಲಿಗೆ ಅನ್ನೋದೇ ಬೆಂಗಳೂರು, ಮೈಸೂರು ಕಡೆಯ ಕನಕಾಂಬರ. ಮರಾಠಿಯಲ್ಲೂ ಕೊಂಕಣಿಯಲ್ಲೂ ಅದು ಅಬೋಲಿ. ಅಬ್ಬಲಿಗೆ, ಅಬೋಲಿ: ಎಷ್ಟು ಹತ್ತಿರದ ಹೆಸರು ನೋಡಿ. ಇಲ್ಲಿ ಅಬೋಲಿ ಅಂದರೆ ಬಣ್ಣದ ಹೆಸರೂ ಹೌದು. ಹೆಂಗಸರು ಓಡಿಸುವ ಅಬೋಲಿ ರಿಕ್ಷಾಗಳಿಗೆ ಆ ಹೆಸರು ಬಂದದ್ದು ಈ ಹೂವಿನ ಬಣ್ಣದಿಂದಲೇ. ಹಾಗಾಗಿ ನರ್ಸರಿಯಲ್ಲಿ ಅಬೋಲಿ ಅಂದರೆ ಸಾಕು, ತಪ್ಪು ಗಿಡ ಕೊಡುವುದಿಲ್ಲ.

ಗೋರಂಟೆ ಹಾಗಲ್ಲ. ಬೆಂಗಳೂರು ಕಡೆಯವರಿಗೆ ಗೋರಂಟಿ ಅಂದರೆ ಕೈಗೆ ಹಚ್ಚುವ ಮದರಂಗಿ. ಈ ಹೂವಿಗೆ ಅವರು ಸ್ಫಟಿಕದ ಹೂ ಅಂತಲೋ ಡಿಸೆಂಬರ್ ಹೂ ಅಂತಲೋ ಅನ್ನುತ್ತಾರೆ. ಮರಾಠಿಯಲ್ಲಿ ಇದು ಕೋರಾಂಟಿ. ಆದರೆ ಸುಮ್ನೆ ಕೋರಾಂಟಿ ಕೊಡಿ ಅಂದರೆ ಕೆಲವು ಕಡೆ ಹಳದಿ ಹೂವಿನ ಮುಳ್ಳು ಗೋರಂಟೆ ಕೊಟ್ಟುಬಿಡುತ್ತಾರೆ. ಅದಕ್ಕೆ ಇಲ್ಲಿ ಕಾಟೆಕೋರಾಂಟಿ, ವಜ್ರದಂತಿ ಅಂತ ಹೆಸರು. ಒಳ್ಳೆಯ ಗಿಡವೇ, ಬೇಲಿಗೆ ಚೆನ್ನ. ಆದರೆ ಎಲೆಯ ಬುಡದಲ್ಲಿ ಉದ್ದ ಮುಳ್ಳುಗಳಿರುತ್ತವೆ. ಕಿಟಕಿಯಲ್ಲಿ ಇಟ್ಟರೆ ದಿನಾ ನೀರು ಹಾಕುವಾಗ ಕೈ ಗೀರುತ್ತದೆ. ನೇರಳೆ ಹೂವಿನದು, ಮುಳ್ಳಿಲ್ಲದ್ದು ಅಂತ ಬಿಡಿಸಿ ಹೇಳಿ. ಬಿಳಿ, ತಿಳಿ ಗುಲಾಬಿ, ಬಿಳಿಯ ಮೇಲೆ ನೇರಳೆ ಗೀರು ಇರುವುದೂ ಸಿಗುತ್ತದೆ. ಗೀರಿನ ಗೋರಂಟೆ ನನಗೆ ಎಲ್ಲಕ್ಕಿಂತ ಇಷ್ಟ.

ಇನ್ನೊಂದು ಮಾತು. ಇದೇ ಗಿಡವನ್ನು ಫಿಲಿಪೈನ್ ವಯೊಲೆಟ್ ಅಂತ ಹೆಸರಿಟ್ಟು ಮಾರುವುದೂ ಉಂಟು. ಹೆಸರು ಕೇಳಿ ಹೊರದೇಶದ್ದು ಅಂದುಕೊಂಡು ಜಾಸ್ತಿ ದುಡ್ಡು ಕೊಡಬೇಡಿ. ಇದರ ತವರು ಭಾರತ, ಮ್ಯಾನ್ಮಾರ್, ದಕ್ಷಿಣ ಚೀನಾ. ಅಬ್ಬಲಿಗೆಯ ತವರು ದಕ್ಷಿಣ ಭಾರತ ಮತ್ತು ಶ್ರೀಲಂಕಾ. ಪುಸ್ತಕದ ಹೆಸರು ಬೇಕಾದವರಿಗೆ, ಅಬ್ಬಲಿಗೆ ಅಂದರೆ ಕ್ರಾಸಾಂಡ್ರಾ ಇನ್‌ಫಂಡಿಬ್ಯುಲಿಫಾರ್ಮಿಸ್, ಗೋರಂಟೆ ಅಂದರೆ ಬಾರ್ಲೇರಿಯಾ ಕ್ರಿಸ್ಟಾಟಾ. ಎರಡೂ ನಮ್ಮ ಆಡುಸೋಗೆಯ ಕುಟುಂಬದವು, ಹತ್ತಿರದ ನೆಂಟರು. ಹಾಗಿದ್ದೂ ಸ್ವಭಾವ ಪೂರ್ತಿ ಬೇರೆ.

ಹೂವಿಲ್ಲದಾಗ ಗುರುತು ಹಿಡಿಯೋದು

ಜೂನ್‌ನಲ್ಲಿ ನರ್ಸರಿಗೆ ಹೋದರೆ ಗೋರಂಟೆಯಲ್ಲಿ ಒಂದು ಹೂವೂ ಇರುವುದಿಲ್ಲ. ಎಲೆ ಮುಟ್ಟಿ ನೋಡಿ. ಅಬ್ಬಲಿಗೆ ಎಲೆ ಎಣ್ಣೆ ಸವರಿದ ಹಾಗೆ ಹೊಳೆಯುತ್ತದೆ, ದಟ್ಟ ಹಸಿರು, ಅಂಚು ಸ್ವಲ್ಪ ಅಲೆಅಲೆ. ಗೋರಂಟೆ ಎಲೆಗೆ ಹೊಳಪಿಲ್ಲ, ಎರಡೂ ಕಡೆ ಸಣ್ಣ ರೋಮ ಇರುತ್ತದೆ, ಬೆರಳಿಗೆ ಒರಟಾಗಿ ಸಿಗುತ್ತದೆ, ಅಡಿಭಾಗ ಬಣ್ಣದಲ್ಲಿ ತಿಳಿ.

ಅಬ್ಬಲಿಗೆಯ ತೆನೆ ನೋಡುವುದೇ ಒಂದು ಚಂದ. ಎಲೆಯ ಕಂಕುಳಿನಿಂದ ಉದ್ದ ತೊಟ್ಟು ಎದ್ದು ನಿಲ್ಲುತ್ತದೆ, ತುದಿಯಲ್ಲಿ ನಾಲ್ಕು ಮೂಲೆಯ ಹಸಿರು ತೆನೆ, ಹಸಿ ಗೋಧಿ ತೆನೆಯ ಹಾಗೆ. ಹೂ ಕೆಳಗಿನಿಂದ ಅರಳುತ್ತಾ ಮೇಲೆ ಹೋಗುತ್ತದೆ. ಬೆಳಿಗ್ಗೆ ಹತ್ತಿರ ಹೋಗಿ ನೋಡಿ: ನಡುವೆ ಎರಡೋ ಮೂರೋ ಹೂ ಹೊಸದಾಗಿ ಬಿಚ್ಚಿರುತ್ತವೆ, ಅವುಗಳ ಮೇಲೆ ಇನ್ನೂ ಬಾಯಿ ಬಿಡದ ಹಸಿರು ಪದರು, ಕೆಳಗೆ ಆಗಲೇ ಹೂ ಕೊಟ್ಟು ಮುಗಿಸಿದ ಪದರು. ಹೂವಿನ ಕೊಳವೆ ದಾರದಷ್ಟು ಸಪೂರ, ದಳವೆಲ್ಲ ಒಂದೇ ಕಡೆಗೆ ಬೀಸಣಿಗೆಯ ಹಾಗೆ ಹರಡಿಕೊಂಡಿರುತ್ತದೆ. ಒಂದು ತೆನೆ ಪೂರ್ತಿ ಅರಳಿ ಮುಗಿಯಲು ಹದಿನೈದರಿಂದ ಇಪ್ಪತ್ತೈದು ದಿನ ಬೇಕು. ಅಷ್ಟರಲ್ಲಿ ಪಕ್ಕದಲ್ಲಿ ಇನ್ನೆರಡು ತೆನೆ ಎದ್ದಿರುತ್ತವೆ. ಮುಂಬೈಯಂಥ ಸೆಖೆಯ ಊರಿನಲ್ಲಿ ಅಬ್ಬಲಿಗೆ ವರ್ಷಪೂರ್ತಿ ಹೂ ಕೊಡುವ ಗುಟ್ಟು ಇದೇ.

ಗೋರಂಟೆಯ ಮೊಗ್ಗು ಗೊಂಚಲಲ್ಲಿ ಕೂತಿರುತ್ತದೆ, ಸುತ್ತಲೂ ಗರಗಸದಂಥ ಅಂಚಿನ ಹಸಿರು ಹೊದಿಕೆ. ಒಣಗಿದ ಮೇಲೆ ಆ ಹೊದಿಕೆ ಚುಚ್ಚುತ್ತದೆ. ಹೂ ಐದು ದಳದ ಕಹಳೆ. ಅಬ್ಬಲಿಗೆಗಿಂತ ದೊಡ್ಡದು, ದಳ ತೆಳು, ಸಂಜೆ ಹೊತ್ತಿಗೆ ಬಾಡುತ್ತದೆ. ಎರಡಕ್ಕೂ ಪರಿಮಳ ಇಲ್ಲ. ಪರಿಮಳ ಬೇಕು ಅನ್ನುವವರು ಈ ಎರಡನ್ನೂ ಬಿಟ್ಟು ಮಲ್ಲಿಗೆಗೇ ಇನ್ನೊಂದು ಕುಂಡ ಕೊಡಿ.

ಅಬ್ಬಲಿಗೆ ಸಾಯೋದು ನೀರಿಲ್ಲದೆ ಅಲ್ಲ

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮುಂಬೈಯಲ್ಲಿ ಸಾಯುವ ಹತ್ತು ಅಬ್ಬಲಿಗೆ ಗಿಡಗಳಲ್ಲಿ ಎಂಟಾದರೂ ಇದೇ ಕಾರಣಕ್ಕೆ ಸಾಯುತ್ತವೆ ಅಂತ ನನ್ನ ನಂಬಿಕೆ.

ಇಲ್ಲಿಗೆ ಬಂದ ಮೊದಲ ವರ್ಷ ಮೂರು ಸಸಿ ತಂದೆ. ನರ್ಸರಿಯವರು ಕಪ್ಪು ಚೀಲದಲ್ಲಿ ಅಂಟು ಕೆಂಪುಮಣ್ಣಿನ ಉಂಡೆಯ ಸಮೇತ ಕೊಟ್ಟಿದ್ದರು. ಆ ಉಂಡೆಯನ್ನು ಹಾಗೇ ಪ್ಲಾಸ್ಟಿಕ್ ಕುಂಡದಲ್ಲಿ ಕೂರಿಸಿ ಸುತ್ತ ಗೊಬ್ಬರ ತುಂಬಿದೆ. ಕೆಳಗಿನ ಮನೆಯ ಒಣಗಿಸಿದ ಬಟ್ಟೆ ಮೇಲೆ ನೀರು ಬೀಳಬಾರದು ಅಂತ ಕುಂಡದಡಿ ತಟ್ಟೆ ಇಟ್ಟೆ. ಸೊಸೈಟಿಯಲ್ಲಿ ಇದೊಂದು ದೊಡ್ಡ ತಕರಾರು, ಗೊತ್ತಲ್ವಾ. ಮೇ ತಿಂಗಳು ಪೂರ್ತಿ ಚೆನ್ನಾಗಿ ಹೂ ಬಿಟ್ಟವು. ಜೂನ್ ಕೊನೆಗೆ ಮಳೆ ಹಿಡಿಯಿತು. ಜುಲೈ ಎರಡನೇ ವಾರ ಕೆಳಗಿನ ಎಲೆ ಹಳದಿಯಾಯಿತು, ಆಮೇಲೆ ಇಡೀ ಗಿಡ ತಲೆ ಬಗ್ಗಿಸಿತು. ಬಾಡಿದೆ ಅಂತ ನಾನು ಇನ್ನಷ್ಟು ನೀರು ಹಾಕಿದೆ. ಪಕ್ಕದ ಮನೆಯ ಕಾಕೂ ನೋಡಿ, "ಅಗಂ, ಪಾಣಿ ಕಮೀ ಘಾಲ್" ಅಂದರು, ನೀರು ಕಡಿಮೆ ಹಾಕು ಅಂತ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಹತ್ತು ದಿನದಲ್ಲಿ ಮೂರೂ ಹೋದವು. ಕಿತ್ತು ನೋಡಿದರೆ ಬೇರು ಕಂದು ಬಣ್ಣಕ್ಕೆ ತಿರುಗಿ, ಹಿಸುಕಿದರೆ ಸಿಪ್ಪೆ ಜಾರಿ ಬರುತ್ತಿತ್ತು. ಕೆಟ್ಟ ವಾಸನೆ ಬೇರೆ.

ಅಮ್ಮನಿಗೆ ಫೋನ್ ಮಾಡಿದೆ. "ನಮ್ಮನೆ ಅಬ್ಬಲಿಗೆ ಎಲ್ಲಿದೆ ಹೇಳು ಮಗಾ? ಅಂಗಳದ ದಿಬ್ಬದ ಮೇಲಲ್ವಾ? ಬುಡದಲ್ಲಿ ನೀರು ನಿಂತ್ರೆ ಅದು ಬದುಕೂದಿಲ್ಲ" ಅಂದಳು. ಊರಲ್ಲೂ ಮಳೆ ಕಡಿಮೆಯೇನಲ್ಲ, ಮುಂಬೈಗಿಂತ ಜಾಸ್ತಿಯೇ. ಆದರೆ ಅಲ್ಲಿ ಬಿದ್ದ ನೀರು ಮುರಕಲ್ಲು (ಜಂಬಿಟ್ಟಿಗೆ) ಮಣ್ಣಿನಲ್ಲಿ ಇಳಿದು ಹೋಗುತ್ತದೆ. ನನ್ನ ಕುಂಡದಲ್ಲಿ ಇಳಿಯಲು ದಾರಿಯೇ ಇರಲಿಲ್ಲ.

ಹಾಗಾಗಿ ಈಗ ಹೀಗೆ ಮಾಡುತ್ತೇನೆ. ಸಸಿ ತಂದ ಮೇಲೆ ಒಂದು ವಾರ ನೆರಳಲ್ಲಿ ಬಿಟ್ಟು, ಚೀಲದ ಮಣ್ಣಿನ ಉಂಡೆಯನ್ನು ಬಕೆಟ್ ನೀರಿನಲ್ಲಿ ಅದ್ದಿ, ಬೇರಿಗೆ ಪೆಟ್ಟಾಗದ ಹಾಗೆ ಅರ್ಧ ಅಂಟುಮಣ್ಣು ತೊಳೆದು ಬಿಡುತ್ತೇನೆ. ಎಂಟರಿಂದ ಹತ್ತು ಇಂಚಿನ ಕುಂಡ ಸಾಕು, ಆದರೆ ತಳದಲ್ಲಿ ನಾಲ್ಕೈದು ತೂತು ಇರಲೇಬೇಕು. ಒಂದು ಪಾಲು ಕೆಂಪುಮಣ್ಣು, ಒಂದು ಪಾಲು ಹಳೆಯ ಸಗಣಿ ಗೊಬ್ಬರ ಅಥವಾ ಎರೆಗೊಬ್ಬರ, ಒಂದು ಪಾಲು ದಪ್ಪ ಮರಳು. ಮರಳು ಸಿಗದಿದ್ದರೆ ಇಟ್ಟಿಗೆ ಚೂರು, ಕಡಲೆಕಾಳಿನ ಗಾತ್ರಕ್ಕೆ ಕುಟ್ಟಿದ್ದು. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಒಂದು ಹಿಡಿಗಿಂತ ಜಾಸ್ತಿ ಬೇಡ, ಮಳೆಗಾಲದಲ್ಲಿ ಅದು ಸ್ಪಂಜಿನ ಹಾಗೆ ನೀರು ಹಿಡಿದುಕೊಂಡು ಕೂರುತ್ತದೆ. ಜೊತೆಗೆ ಎರಡು ಚಮಚ ಬೇವಿನ ಹಿಂಡಿ. ತುಂಬಿದ ಮೇಲೆ ಒಂದು ಚೊಂಬು ನೀರು ಹಾಕಿ ನೋಡಿ. ಅರ್ಧ ನಿಮಿಷದಲ್ಲಿ ಕೆಳಗಿನಿಂದ ನೀರು ಬರಬೇಕು. ಬರದಿದ್ದರೆ ಎಲ್ಲ ಹೊರಗೆ ತೆಗೆದು ಇನ್ನಷ್ಟು ಮರಳು ಬೆರೆಸಿ. ಬೇಜಾರಾದರೂ ಮಾಡಿ, ಜುಲೈಯಲ್ಲಿ ಗಿಡ ಉಳಿಯುತ್ತದೆ.

ತಟ್ಟೆ ಇಡಲೇಬೇಕಾದರೆ ಅದರಲ್ಲಿ ಎರಡು ಇಟ್ಟಿಗೆ ತುಂಡು ಇಟ್ಟು ಅದರ ಮೇಲೆ ಕುಂಡ ಕೂರಿಸಿ, ಕುಂಡದ ತಳ ನೀರಿಗೆ ಮುಟ್ಟಬಾರದು ಅಷ್ಟೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗ್ರಿಲ್‌ನ ಹೊರ ಅಂಚಿನಿಂದ ಒಳಗಿನ ಗೋಡೆಯ ಕಡೆಗೆ ಸರಿಸಿ. ನೀರು ಹಾಕುವ ಮೊದಲು ಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಿ. ಒದ್ದೆ ಇದ್ದರೆ ಆ ದಿನ ನೀರು ಬೇಡ. ಗಿಡ ಬಾಡಿದ ಹಾಗೆ ಕಂಡು ಮಣ್ಣು ಒದ್ದೆಯೇ ಇದ್ದರೆ ಅದು ಬಾಯಾರಿಕೆ ಅಲ್ಲ, ಬೇರಿನ ಕಾಯಿಲೆ.

ಬಿಸಿಲಿನ ವಿಷಯಕ್ಕೆ ಬಂದರೆ ಬೆಳಗಿನ ಹೊತ್ತು ನಾಲ್ಕು ತಾಸು ಬಿಸಿಲು ಬಿದ್ದರೆ ಅಬ್ಬಲಿಗೆಗೆ ಧಾರಾಳ. ಪೂರ್ವದ ಕಿಟಕಿ ಇದಕ್ಕೆ ಹೇಳಿ ಮಾಡಿಸಿದ್ದು. ಪಶ್ಚಿಮದ ಕಿಟಕಿಯಾದರೆ ಏಪ್ರಿಲ್, ಮೇ ಮಧ್ಯಾಹ್ನ ಒಂದು ತೆಳು ಬಟ್ಟೆ ಕಟ್ಟಿ. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣದ ಅಂಶ ಸಾಲದು ಅಂತ ಅರ್ಥ. ಬೋರ್‌ವೆಲ್‌ನ ಗಡಸು ನೀರು ಹಾಕುವ ಕಡೆ ಇದು ಜಾಸ್ತಿ. ಮಳೆನೀರು ಹಿಡಿದಿಟ್ಟು ಹಾಕಿ, ನರ್ಸರಿಯಲ್ಲಿ ಸಿಗುವ ಕಬ್ಬಿಣದ ಪುಡಿಯನ್ನು ಪೊಟ್ಟಣದ ಮೇಲೆ ಹೇಳಿದ ಅಳತೆಯಲ್ಲಿ ಕರಗಿಸಿ ಎಲೆಗೆ ಸಿಂಪಡಿಸಿ.

ಬೇರಿನಲ್ಲಿ ಸಾಸಿವೆ, ಜೀರಿಗೆ ಗಾತ್ರದ ಗಂಟುಗಳು ಕಂಡರೆ ಅದು ಜಂತುಹುಳದ ಕಾಟ. ಅಬ್ಬಲಿಗೆಗೆ ಇದು ದೊಡ್ಡ ಶತ್ರು. ಆ ಮಣ್ಣನ್ನು ಬೇರೆ ಕುಂಡಕ್ಕೆ ಬಳಸಬೇಡಿ, ಎಸೆದುಬಿಡಿ. ಅಂಗಳದಲ್ಲಾದರೆ ಆ ಜಾಗದಲ್ಲಿ ಒಂದು ಸಲ ಚೆಂಡು ಹೂ ಬೆಳೆಸಿ, ಅದರ ಬೇರು ಈ ಹುಳವನ್ನು ತಗ್ಗಿಸುತ್ತದೆ.

ಹೂ ಬಿಟ್ಟು ಮುಗಿದ ತೆನೆಯನ್ನು ಬುಡದಲ್ಲೇ ಕತ್ತರಿಸುತ್ತಾ ಇರಿ. ಬೀಜ ಬೇಕಾದರೆ ಮಾತ್ರ ಒಂದೆರಡು ಬಿಡಿ. ಇಪ್ಪತ್ತು ದಿನಕ್ಕೊಮ್ಮೆ ಒಂದು ಹಿಡಿ ಎರೆಗೊಬ್ಬರ. ಇಷ್ಟೇ.

ಗೋರಂಟೆಗೆ ಬೇಕಾದ್ದು ಕತ್ತರಿ ಮತ್ತು ತಾಳ್ಮೆ

ಗೋರಂಟೆ ಗಟ್ಟಿ ಗಿಡ. ಎರಡು ದಿನ ನೀರು ಮರೆತರೂ ಸಾಯುವುದಿಲ್ಲ, ಮಳೆಗೂ ಅಷ್ಟು ಬೇಗ ಕೊಳೆಯುವುದಿಲ್ಲ. ಎಂಥ ಮಣ್ಣಿಗಾದರೂ ಹೊಂದಿಕೊಳ್ಳುತ್ತದೆ. ಆದರೆ ಜಾಗ ಕೇಳುತ್ತದೆ. ಮೂರು ನಾಲ್ಕು ಅಡಿ ಎತ್ತರ, ಅಷ್ಟೇ ಅಗಲ. ಹನ್ನೆರಡು ಇಂಚಿಗಿಂತ ಸಣ್ಣ ಕುಂಡದಲ್ಲಿ ಇಡಬೇಡಿ. ಬಿಸಿಲೂ ದಿನಕ್ಕೆ ಐದಾರು ಗಂಟೆ ಬೇಕು. ನೆರಳಲ್ಲಿ ಇಟ್ಟರೆ ಕಡ್ಡಿ ಉದ್ದವಾಗಿ ಬೆಳೆದು ಜೋತು ಬೀಳುತ್ತದೆ, ಹೂ ಬರುವುದಿಲ್ಲ.

ಹೂ ಬರುವುದು ವರ್ಷಕ್ಕೊಮ್ಮೆ. ಹಗಲು ಕಿರಿದಾಗುತ್ತಾ ಬರುವ ಅಕ್ಟೋಬರ್‌ನಲ್ಲಿ ಶುರುವಾಗಿ ಜನವರಿವರೆಗೆ. ಉಳಿದ ಎಂಟು ತಿಂಗಳು ಬರೀ ಹಸಿರು. ಈ ಎಂಟು ತಿಂಗಳಲ್ಲಿ ನೀವು ಏನು ಮಾಡುತ್ತೀರೋ ಅದೇ ಆ ನಾಲ್ಕು ತಿಂಗಳ ಹೂ.

ಜನವರಿ ಕೊನೆಗೆ, ಹೂ ಮುಗಿದ ಕೂಡಲೇ, ಗಿಡವನ್ನು ಮಣ್ಣಿನಿಂದ ಒಂದಡಿಗೆ ಕತ್ತರಿಸಿ. ಕೈ ನಡುಗುತ್ತದೆ, ಗೊತ್ತು. ಆದರೂ ಕತ್ತರಿಸಿ. ಬೇಸಿಗೆಯಲ್ಲಿ ನೀರು ಮಾತ್ರ, ಗೊಬ್ಬರ ಬೇಡ. ಮೊದಲ ಮಳೆ ಬಿದ್ದ ಮೇಲೆ ಎರಡು ಹಿಡಿ ಗೊಬ್ಬರ ಕೊಟ್ಟು ಮಣ್ಣು ಕೆದಕಿ. ಹೊಸ ಚಿಗುರು ಒಂದು ಗೇಣು ಉದ್ದ ಆದಾಗ ತುದಿ ಚಿವುಟಿ. ಒಂದು ಕಡ್ಡಿ ಎರಡಾಗುತ್ತದೆ. ಜುಲೈ ಕೊನೆಗೆ ಇನ್ನೊಂದು ಸಲ ಚಿವುಟಿ, ಎರಡು ನಾಲ್ಕಾಗುತ್ತದೆ. ಆಗಸ್ಟ್ ಹದಿನೈದರ ನಂತರ ಕತ್ತರಿ ಮುಟ್ಟಬೇಡಿ. ಒಂದು ವರ್ಷ ನವರಾತ್ರಿಗೆ ಮೊದಲು ಕಿಟಕಿ ಚೊಕ್ಕ ಕಾಣಲಿ ಅಂತ ಸೆಪ್ಟೆಂಬರ್‌ನಲ್ಲಿ ಸುತ್ತಲೂ ದುಂಡಗೆ ಕತ್ತರಿಸಿದೆ. ಮೊಗ್ಗು ಬರುವ ತುದಿಗಳೆಲ್ಲ ಆ ಕಡ್ಡಿಗಳ ಜೊತೆ ಹೋದವು. ಆ ವರ್ಷ ಒಟ್ಟು ಬಂದದ್ದು ಹದಿನೆಂಟು ಹೂ. ಎಣಿಸಿದ್ದೆ.

ಸರಿಯಾಗಿ ಚಿವುಟಿದ ಗಿಡ ನವೆಂಬರ್‌ನಲ್ಲಿ ಹೇಗಿರುತ್ತದೆ ಅಂತ ನೋಡಿಯೇ ತಿಳಿಯಬೇಕು. ಎಲೆ ಕಾಣದಷ್ಟು ಹೂ. ಬೆಳಿಗ್ಗೆ ಆರಕ್ಕೆ ಕಿಟಕಿ ತೆರೆದರೆ ಗ್ರಿಲ್ ಪೂರ್ತಿ ನೇರಳೆ. ಕೆಳಗೆ ಹಾಲು ತರಲು ಹೋದವರು ತಲೆ ಎತ್ತಿ ನಿಂತು ನೋಡುತ್ತಾರೆ.

ಎಲೆಯ ಮೇಲೆ ಕಪ್ಪಗಿನ, ಮೈತುಂಬಾ ಮುಳ್ಳಿನಂಥ ಕೂದಲಿನ ಹುಳ ಕಂಡರೆ ಔಷಧಿ ಹೊಡೆಯಬೇಡಿ ಅಂತ ನನ್ನ ಬಿನ್ನಹ. ಲೆಮನ್ ಪ್ಯಾನ್ಸಿಯಂಥ ಚಿಟ್ಟೆಗಳು ಗೋರಂಟೆಯ ಮೇಲೆ ಮೊಟ್ಟೆ ಇಡುತ್ತವೆ. ನಾಲ್ಕು ಎಲೆ ತಿಂದುಕೊಳ್ಳಲಿ. ಗಿಡಕ್ಕೆ ಏನೂ ಆಗುವುದಿಲ್ಲ, ಹದಿನೈದು ದಿನದಲ್ಲಿ ಮತ್ತೆ ಚಿಗುರುತ್ತದೆ. ಬಿಳಿ ಹಿಟ್ಟುಹುಳ ಬಂದರೆ ಮಾತ್ರ ಬಿಡಬೇಡಿ. ಎರಡು ಗಿಡಕ್ಕೂ ಬರುತ್ತದೆ. ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಸಾಬೂನು ನೀರು ಹಚ್ಚಿ ಉಜ್ಜಿ, ಮರುದಿನ ಬೇವಿನೆಣ್ಣೆ ಕಲಸಿದ ನೀರು ಸಿಂಪಡಿಸಿ.

ಕೊಯ್ಯೋದು, ಕಟ್ಟೋದು

ಅಬ್ಬಲಿಗೆಯನ್ನು ದಿನ ಬಿಟ್ಟು ದಿನ ಬೆಳಿಗ್ಗೆ ಕೊಯ್ಯಿರಿ. ತೆನೆ ಹಿಡಿದು ಎಳೆಯಬೇಡಿ, ಹೂವಿನ ದಳದ ಬುಡ ಹಿಡಿದು ಮೆಲ್ಲಗೆ ಮೇಲಕ್ಕೆ ಎತ್ತಿದರೆ ಕೊಳವೆಯ ಸಮೇತ ಜಾರಿ ಬರುತ್ತದೆ. ಹೂ ಹತ್ತಿಯಷ್ಟು ಹಗುರ. ಅಂಗೈ ತುಂಬಾ ಕೊಯ್ದರೂ ಕೊಯ್ದ ಹಾಗೆ ಅನ್ನಿಸುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಮರುದಿನವೂ ಹಾಗೇ ಇರುತ್ತದೆ, ಅದಕ್ಕೇ ಎರಡು ದಿನದ ಹೂ ಕೂಡಿಸಿ ಒಂದು ದಂಡೆ ಕಟ್ಟಬಹುದು. ನಾಲ್ಕು ಗಿಡ ಇದ್ದರೆ ವಾರಕ್ಕೆ ಎರಡು ಸಣ್ಣ ದಂಡೆಗೆ ತೊಂದರೆ ಇಲ್ಲ. ಬಾಳೆನಾರು ಇಲ್ಲಿ ಸಿಗದಿದ್ದರೆ ಹತ್ತಿದಾರ ಒದ್ದೆ ಮಾಡಿ ಕಟ್ಟಿ, ನೈಲಾನ್ ದಾರ ಆ ಸಪೂರ ಕೊಳವೆಯನ್ನು ಕೊಯ್ದುಬಿಡುತ್ತದೆ. ನಡುನಡುವೆ ಮರುಗವೋ ದವನವೋ ಸೇರಿಸಿದರೆ ಇಲ್ಲದ ಪರಿಮಳವೂ ಬರುತ್ತದೆ. ಮಾಟುಂಗಾ ಸ್ಟೇಷನ್ ಹತ್ತಿರ ದಕ್ಷಿಣದವರ ಹೂವಿನ ಅಂಗಡಿಗಳಲ್ಲಿ ಕಟ್ಟಿದ ದಂಡೆ ಸಿಗುತ್ತದೆ, ಕಟ್ಟುವ ರೀತಿ ಮರೆತಿದ್ದರೆ ಅಲ್ಲಿ ಐದು ನಿಮಿಷ ನಿಂತು ಅವರ ಬೆರಳು ನೋಡಿ.

ಗೋರಂಟೆ ಮುಡಿಯಲು ಚಂದ, ಆದರೆ ಒಂದು ಹೊತ್ತಿನ ಹೂ. ಬೆಳಿಗ್ಗೆ ಕೊಯ್ದು ಬೆಳಿಗ್ಗೆಯೇ ಕಟ್ಟಿ ದೇವರಿಗೆ ಏರಿಸಬೇಕು. ಹಿಂದಿನ ಸಂಜೆ ಬಿರಿಯಲು ಸಿದ್ಧವಾದ ಉದ್ದ ಮೊಗ್ಗು ಕೊಯ್ದು ಕಟ್ಟಿ, ಒದ್ದೆ ಬಟ್ಟೆ ಮುಚ್ಚಿಟ್ಟರೆ ಬೆಳಿಗ್ಗೆ ಮಾಲೆಯಲ್ಲೇ ಅರಳುತ್ತದೆ. ದೀಪಾವಳಿ, ತುಳಸಿ ಪೂಜೆಯ ಹೊತ್ತಿಗೆ ಹೂವಿನ ಬೆಲೆ ಏರಿದಾಗ ದಾದರ್ ಮಾರ್ಕೆಟ್‌ನ ನೂಕುನುಗ್ಗಲಿಗೆ ಹೋಗದೆ ಮನೆಯ ಹೂವಿನಲ್ಲೇ ಪೂಜೆ ಮುಗಿಸುತ್ತೇನೆ. ಆ ಖುಷಿಗೆ ಎಂಟು ತಿಂಗಳು ಕಾಯಬಹುದು.

ಯಾವ ಊರಿಗೆ ಯಾವುದು

ಮುಂಬೈ, ಠಾಣೆ, ಡೊಂಬಿವಲಿ ಕಡೆ ಒಂದೇ ಕಿಟಕಿ, ಒಂದೇ ಕುಂಡ ಅಂದರೆ ನಾನು ಅಬ್ಬಲಿಗೆ ಅನ್ನುತ್ತೇನೆ. ಇಲ್ಲಿ ಮಳೆ 2,000 ಮಿಲಿಮೀಟರ್ ದಾಟುತ್ತದೆ, ಅದೂ ಬಹುಪಾಲು ನಾಲ್ಕೇ ತಿಂಗಳಲ್ಲಿ. ಆ ನಾಲ್ಕು ತಿಂಗಳು ಕಾಪಾಡಿದರೆ ಉಳಿದ ಎಂಟು ತಿಂಗಳ ಸೆಖೆ ಅದಕ್ಕೆ ತವರಿನ ಹಾಗೆ. ಚಳಿ ಇಲ್ಲಿ ಅದನ್ನು ಕಾಡುವುದಿಲ್ಲ. ಅಕ್ಟೋಬರ್ ಸೆಖೆಗೆ ನಾವೆಲ್ಲ ಬೆವರುತ್ತಿರುವಾಗ ಅದು ತೆನೆ ಮೇಲೆ ತೆನೆ ಎತ್ತುತ್ತದೆ.

ಪುಣೆಗೆ ಗೋರಂಟೆ. ಅಲ್ಲಿ ಮಳೆ ಮುಂಬೈಯ ಮೂರನೇ ಒಂದು ಪಾಲಿನಷ್ಟೇ ಇರಬಹುದು, ಆದರೆ ಡಿಸೆಂಬರ್, ಜನವರಿಯ ಕೆಲವು ರಾತ್ರಿ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಆ ಚಳಿಗೆ ಅಬ್ಬಲಿಗೆ ಬೆಳೆಯುವುದನ್ನೇ ನಿಲ್ಲಿಸುತ್ತದೆ, ಎಲೆ ಹಳದಿಯಾಗಿ ಉದುರುತ್ತದೆ. ನನ್ನ ನಾದಿನಿ ಜನವರಿಯಲ್ಲಿ ಫೋನ್ ಮಾಡಿ, "ಅತ್ತಿಗೆ, ನೀವು ಕೊಟ್ಟ ಅಬ್ಬಲಿಗೆ ಸತ್ತೇ ಹೋಯ್ತು" ಅಂದಳು. ಕೀಳಬೇಡ, ಗೋಡೆಯ ಪಕ್ಕ ಬಿಸಿಲಿಗಿಟ್ಟು ನೀರು ಕಡಿಮೆ ಮಾಡು, ಫೆಬ್ರವರಿ ಕೊನೆಗೆ ಅರ್ಧಕ್ಕೆ ಕತ್ತರಿಸು ಅಂದೆ. ಮಾರ್ಚ್‌ನಲ್ಲಿ ಚಿಗುರಿತು. ಆದರೆ ಅದೇ ಜನವರಿಯಲ್ಲಿ ಅವಳ ಕಾಂಪೌಂಡ್ ಗೋಡೆಯ ಉದ್ದಕ್ಕೂ ಗೋರಂಟೆ ಹೂ ತುಂಬಿತ್ತು. ಎರೆಮಣ್ಣು ಬೇರೆ, ಅಬ್ಬಲಿಗೆಗೆ ಒಗ್ಗದ ಮಣ್ಣು, ಗೋರಂಟೆ ಅದರಲ್ಲೂ ಸೊಂಪಾಗಿ ಬೆಳೆದಿದೆ. ಪುಣೆಯವರು ಸಸಿ ತರಲು ಸೋಲಾಪುರ ರಸ್ತೆಯಲ್ಲಿ ಉರುಳಿ ಕಾಂಚನ್ ಕಡೆಗೆ ಹೋಗಿ. ರಸ್ತೆಯುದ್ದಕ್ಕೂ ನರ್ಸರಿಗಳಿವೆ, ಊರೊಳಗಿಗಿಂತ ಆಯ್ಕೆ ಜಾಸ್ತಿ. ಎರಡಡಿಗೊಂದರಂತೆ ನೆಟ್ಟರೆ ಎರಡು ವರ್ಷಕ್ಕೆ ಬೇಲಿಯೇ ಆಗುತ್ತದೆ.

ಗೋವಾದಲ್ಲಿ ಈ ಪ್ರಶ್ನೆಯೇ ಬೇಡ ಅನ್ನಿಸುತ್ತದೆ. ಮಳೆ ಮುಂಬೈಗಿಂತಲೂ ಜಾಸ್ತಿ, ಆದರೂ ಮನೆಮನೆಯ ಮುಂದೆ ಅಬೋಲಿ. ಮಾಪುಸಾದ ಶುಕ್ರವಾರದ ಸಂತೆಯಲ್ಲಿ ಹೂವಿನ ಹೆಂಗಸರ ಬುಟ್ಟಿಯಲ್ಲಿ ಅಬೋಲಿ ದಂಡೆ ನೋಡಿದರೆ ನಮ್ಮ ಕುಂದಾಪುರವೇ ನೆನಪಾಗುತ್ತದೆ. ನಮ್ಮೂರಿನ ಹಾಗೇ ಅಲ್ಲೂ ಮುರಕಲ್ಲಿನ ಮಣ್ಣು, ನೀರು ನಿಲ್ಲುವುದಿಲ್ಲ. ಮಡಗಾಂವ್‌ನ ಗೆಳತಿ ತುಳಸಿಕಟ್ಟೆಯ ಸುತ್ತ ಒಂದಡಿ ಎತ್ತರಕ್ಕೆ ಮಣ್ಣು ಏರಿಸಿ ಅಬ್ಬಲಿಗೆ ನೆಟ್ಟಿದ್ದಾಳೆ, ಅದರ ಹೊರಗೆ ತಗ್ಗಿನಲ್ಲಿ ಗೋರಂಟೆ. ಎರಡೂ ಬೇಕು ಅನ್ನುವವರಿಗೆ ಇದೇ ಸರಿಯಾದ ಜೋಡಣೆ: ಅಬ್ಬಲಿಗೆ ಎತ್ತರಕ್ಕೆ, ಗೋರಂಟೆ ತಗ್ಗಿಗೆ. ಒಂದೇ ಕುಂಡದಲ್ಲಿ ಮಾತ್ರ ಎರಡನ್ನೂ ನೆಡಬೇಡಿ. ಗೋರಂಟೆ ಆರು ತಿಂಗಳಲ್ಲಿ ಅಬ್ಬಲಿಗೆಯ ಬಿಸಿಲು, ಜಾಗ ಎರಡನ್ನೂ ತಿಂದುಬಿಡುತ್ತದೆ.

ಸಸಿ ಮಾಡಿಕೊಳ್ಳೋದು

ಗೋರಂಟೆಯಷ್ಟು ಸುಲಭ ಯಾವುದೂ ಇಲ್ಲ. ಜೂನ್ ಕೊನೆಗೆ, ಪೂರ್ತಿ ಎಳಸೂ ಅಲ್ಲದ, ಪೂರ್ತಿ ಬಲಿತದ್ದೂ ಅಲ್ಲದ ಕಡ್ಡಿಯನ್ನು ಒಂದು ಗೇಣು ಉದ್ದಕ್ಕೆ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಎರಡು ಗಿಣ್ಣು ಮಣ್ಣಿನೊಳಗೆ ಹೋಗುವ ಹಾಗೆ ಚುಚ್ಚಿ. ಮೂರು ವಾರದಲ್ಲಿ ಬೇರು. ಬೀಜ ಸಿಡಿದು ಪಕ್ಕದ ಕುಂಡಗಳಲ್ಲೂ ತಾನೇ ಹುಟ್ಟುತ್ತದೆ, ಬೇಡವಾದ್ದನ್ನು ಸಣ್ಣದಿರುವಾಗಲೇ ಕಿತ್ತು ಯಾರಿಗಾದರೂ ಕೊಡಿ.

ಅಬ್ಬಲಿಗೆಯಲ್ಲಿ ಯಾವ ಜಾತಿ ಅಂತ ನೋಡಿಕೊಳ್ಳಬೇಕು. ಡೆಲ್ಲಿ ಕನಕಾಂಬರ ಅಂತ ಮಾರುವ ಜಾತಿಯಲ್ಲಿ ಬೀಜ ಕಟ್ಟುವುದಿಲ್ಲ, ಅದನ್ನು ತುದಿಕಡ್ಡಿಯಿಂದಲೇ ಮಾಡಬೇಕು. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಅರ್ಕಾ ಅಂಬರ, ಅರ್ಕಾ ಕನಕ, ಅರ್ಕಾ ಶ್ರೀಯ, ಅರ್ಕಾ ಶ್ರಾವ್ಯದಂಥ ತಳಿಗಳನ್ನು ಬಿಡುಗಡೆ ಮಾಡಿದ್ದಾರೆ. ಊರಿಗೆ ಹೋಗುವವರು ಬೆಂಗಳೂರಿನ ಮೂಲಕ ಬರುವುದಾದರೆ ವಿಚಾರಿಸಿ. ನನಗೆ ಮಾತ್ರ ಅಮ್ಮನ ಅಂಗಳದ ನಾಟಿ ಅಬ್ಬಲಿಗೆಯೇ ಸಾಕು.

ನಾಟಿಯಲ್ಲಿ ಬೀಜ ಧಾರಾಳ. ತೆನೆ ಗಿಡದಲ್ಲೇ ಒಣಗಿ ಹುಲ್ಲಿನ ಬಣ್ಣಕ್ಕೆ ಬಂದ ಮೇಲೆ ಕತ್ತರಿಸಿ ಒಂದು ಸ್ಟೀಲ್ ಡಬ್ಬಿಯಲ್ಲಿ ಹಾಕಿ, ನಾಲ್ಕು ಹನಿ ನೀರು ಚಿಮುಕಿಸಿ, ಮೇಲೆ ತೆಳು ಬಟ್ಟೆ ಕಟ್ಟಿ. ಒಣ ಕಾಯಿಗೆ ನೀರು ತಾಗಿದರೆ ಅದು ಸಿಡಿಯುತ್ತದೆ. ಮೊದಲು ಏನೂ ಆಗುವುದಿಲ್ಲ. ಆಮೇಲೆ ಒಂದು ಟಪ್, ಸ್ವಲ್ಪ ಬಿಟ್ಟು ಇನ್ನೊಂದು, ಆಮೇಲೆ ಡಬ್ಬಿಯೊಳಗೆ ಸಾಸಿವೆ ಸಿಡಿದ ಹಾಗೆ. ಪಕ್ಕದ ಮನೆಯ ಕಾಕೂ ಮೊಮ್ಮಗ ರಜೆಗೆ ಬಂದಾಗ ಈ ಡಬ್ಬಿಗೆ ಕಿವಿಯಿಟ್ಟು ಕೂರುತ್ತಾನೆ. ಆರಿದ ಬೀಜವನ್ನು ತಡ ಮಾಡದೆ ಮರಳು ಬೆರೆಸಿದ ಮಣ್ಣಿನ ಮೇಲೆ ಉದುರಿಸಿ, ತೆಳ್ಳಗೆ ಗೊಬ್ಬರ ಮುಚ್ಚಿ. ಹಳೇ ಬೀಜ ಸರಿಯಾಗಿ ಹುಟ್ಟುವುದಿಲ್ಲ. ಮೊಳಕೆಗೆ ಸೆಖೆ ಬೇಕು, ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ, ಅಷ್ಟರಲ್ಲಿ ಹುಟ್ಟಲಿಲ್ಲ ಅಂತ ಮಣ್ಣು ಕೆದಕಬೇಡಿ. ಸಸಿಗೆ ಆರು ಎಲೆ ಬಂದ ಮೇಲೆ ಬೇರೆ ಕುಂಡಕ್ಕೆ ಬದಲಿಸಿ ತುದಿ ಚಿವುಟಿ.

ಊರಿನಿಂದ ಕಡ್ಡಿ ತರುವವರಿಗೆ ಒಂದು ಮಾತು. ಮತ್ಸ್ಯಗಂಧಾ ರೈಲಿಗೆ ಮಧ್ಯಾಹ್ನ ಹತ್ತಿದರೆ ಮರುದಿನ ಬೆಳಿಗ್ಗೆ ಇಲ್ಲಿರುತ್ತೀರಿ, ಅಷ್ಟು ಹೊತ್ತು ಕಡ್ಡಿ ಹಸಿಯಾಗಿರಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿದರೆ ಬೆಂದು ಕಪ್ಪಾಗುತ್ತದೆ. ಬೆಳಿಗ್ಗೆ ತಂಪಿನಲ್ಲಿ ಕತ್ತರಿಸಿ, ಎಲೆ ಅರ್ಧಕ್ಕೆ ಕತ್ತರಿಸಿ ಹಾಕಿ, ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ, ಅದರ ಮೇಲೆ ಬಾಳೆಯ ಪಟ್ಟೆ ಸುತ್ತಿ ನಾರಿನಲ್ಲಿ ಕಟ್ಟಿ. ಸೀಟಿನ ಕೆಳಗೆ ಬೇಡ, ಕಾಲು ತಾಗುತ್ತದೆ. ಮನೆಗೆ ಬಂದ ಕೂಡಲೇ ಚೀಲ ಬಿಚ್ಚುವ ಮೊದಲು ಇದನ್ನು ಬಿಚ್ಚಿ, ಬುಡವನ್ನು ಅರ್ಧ ಇಂಚು ಓರೆಯಾಗಿ ಹೊಸದಾಗಿ ಕತ್ತರಿಸಿ, ಒಂದು ಗಂಟೆ ನೀರಿನಲ್ಲಿಟ್ಟು ನೆಡಿ. ಹತ್ತು ದಿನ ನೆರಳಲ್ಲಿರಲಿ.